ಎಲೆ ಹಳದಿಯಾದರೆಲ್ಲ ಜಿಂಕ್ ಕೊರತೆಯೇ? ನಿಂಬೆ, ಮೋಸಂಬಿ ಬೆಳೆಗಾರರ ಪ್ರಶ್ನೋತ್ತರ

ಮಣ್ಣುವೈದ್ಯ: ಇವತ್ತು ಜಿಂಕ್, ಕಬ್ಬಿಣ, ಬೋರಾನ್‌ನಂಥ ಲಘು ಪೋಷಕಾಂಶಗಳ ಬಗ್ಗೆ ಕೇಳಿ. ಹಳದಿಯಾಗಿರುವುದು ಚಿಗುರೆಲೆಯೋ ಹಳೆ ಎಲೆಯೋ, ಅದನ್ನು ಮೊದಲು ಬರೆಯಿರಿ.

ಹೊಸಬೇಲಿ: ನಿಂಬೆ ಚಿಗುರು ಹಳದಿ, ನರ ಮಾತ್ರ ಹಸಿರು. ಎಲೆ ಚಿಕ್ಕದಾಗಿಲ್ಲ. ಜಿಂಕ್ ಎರಡು ಸಲ ಹೊಡೆದೆ, ಏನೂ ಆಗಲಿಲ್ಲ.

ಮಣ್ಣುವೈದ್ಯ: ಕಬ್ಬಿಣದ ಕೊರತೆ ಇದ್ದಂತಿದೆ. ಜಿಂಕ್ ಕಡಿಮೆಯಾದರೆ ಎಲೆ ಕಿರಿದಾಗಿ, ಚೂಪಾಗಿ ನಿಲ್ಲುತ್ತದೆ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, ನೋಡಿಸಿ. 7.5 ದಾಟಿದ್ದರೆ ಅಂಗಡಿಯಲ್ಲಿ ಸಿಗುವ ಇಡಿಟಿಎ ರೂಪದ ಕಬ್ಬಿಣ ಮಣ್ಣಿಗೆ ಹಾಕಿ ದಂಡ. ಇಡಿಡಿಎಚ್‌ಎ ರೂಪದ ಕಬ್ಬಿಣ ಬೇಕು.

ನೆರಳುಮರ: ಕಾಂಡಕ್ಕೆ ತುಕ್ಕು ಮೊಳೆ ಹೊಡೆದರೆ ಸಾಕು ಅಂತ ನಮ್ಮ ಗುಂಪಿಗೆ ಬಂದಿತ್ತು ಸರ್.

ಮಣ್ಣುವೈದ್ಯ: ಬೇಡ. ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತದೆ, ಸುಣ್ಣದಂಶ ಜಾಸ್ತಿಯಾದರೆ ಬೇರಿಗೆ ಸಿಗುವುದಿಲ್ಲ ಅಷ್ಟೇ. ಮೊಳೆಯಿಂದ ಆಗುವುದು ಗಾಯ ಮಾತ್ರ.

ಹುಳಿಸಿಹಿ: ಜಿಂಕ್ ಲೀಟರಿಗೆ ಎಷ್ಟು?

ಮಣ್ಣುವೈದ್ಯ: ಜಿಂಕ್ ಸಲ್ಫೇಟ್ 5 ಗ್ರಾಂ, ಜೊತೆಗೆ ಅರಳಿದ ಸುಣ್ಣ 2.5 ಗ್ರಾಂ. ಚಿಗುರು ಮುಕ್ಕಾಲು ಬಲಿಯುವ ಹೊತ್ತಿಗೆ ಹೊಡೆಯಿರಿ. ಹಳೆ ಎಲೆಗೆ ಬಿದ್ದ ಜಿಂಕ್ ಮುಂದಿನ ಚಿಗುರಿಗೆ ಸರಿಯಾಗಿ ಸಾಗುವುದಿಲ್ಲ.

ಒಂಟಿಬಾವಿ: ಮೋಸಂಬಿ, ಎಂಟು ವರ್ಷದ ತೋಟ. ಮೂರೇ ಗಿಡಕ್ಕೆ ತೊಂದರೆ, ಅದೂ ಒಂದೊಂದೇ ಕೊಂಬೆ ಹಳದಿ. ಲಘು ಪೋಷಕಾಂಶದ ಮಿಕ್ಸ್ಚರ್ ನಾಲ್ಕು ಸಲ ಕೊಟ್ಟಾಯಿತು. ಕಾಯಿ ಸೊಟ್ಟಗಿದೆ, ತೊಟ್ಟಿನ ಎದುರು ತುದಿಯಲ್ಲಿ ಹಸಿರು ಹೋಗುವುದೇ ಇಲ್ಲ. ಯಾವ ಪೋಷಕಾಂಶ ಬಿಟ್ಟೆ?

ಮಣ್ಣುವೈದ್ಯ: ಇನ್ನು ಯಾವುದನ್ನೂ ಹೊಡೆಯಬೇಡಿ. ಮಣ್ಣಿನ ಕೊರತೆ ಒಂದೇ ಕೊಂಬೆ ಹುಡುಕಿಕೊಂಡು ಬರುವುದಿಲ್ಲ. ನನಗೆ ಗ್ರೀನಿಂಗ್ ರೋಗದ ಭಯ. ಅದೂ ನೋಡಲು ಜಿಂಕ್ ಕೊರತೆಯಂತೆಯೇ ಇರುತ್ತದೆ. ಎಷ್ಟೋ ಜನ ಹೀಗೇ ಮಿಕ್ಸ್ಚರ್ ಹೊಡೆಯುತ್ತಾ ವರ್ಷ ಕಳೆಯುತ್ತಾರೆ.

ಹತ್ತು ಎಲೆ ಕಿತ್ತು, ನಡುನರದ ಎರಡೂ ಬದಿ ಹೋಲಿಸಿ. ಕೊರತೆಯಾದರೆ ಎಡಬಲ ಹೆಚ್ಚುಕಡಿಮೆ ಒಂದೇ ಥರ. ಗ್ರೀನಿಂಗ್ ಆದರೆ ಮಚ್ಚೆಗಳು ತಾಳೆಯಾಗುವುದಿಲ್ಲ. ಸೊಟ್ಟ ಕಾಯಿ ಕೊಯ್ದು ಬೀಜ ನೋಡಿ, ಜೊಳ್ಳಾಗಿ ಕಂದಿದೆಯಾ? ಎಳೆ ಚಿಗುರಿನಲ್ಲಿ ಹಿಂಭಾಗ ಮೇಲೆತ್ತಿ ಕೂತ ಪುಟ್ಟ ಕಂದು ಕೀಟ ಇದ್ದರೆ ಅದು ಸಿಲ್ಲಿಡ್, ತೋಟದಲ್ಲಿ ರೋಗ ಹರಡುವುದು ಅದೇ. ಈ ರೋಗಕ್ಕೆ ಮದ್ದಿಲ್ಲ. ಖಾತ್ರಿ ಮಾಡಲು ಲ್ಯಾಬಿನಲ್ಲಿ ಪಿಸಿಆರ್, ಅಂದರೆ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ ಆಗಬೇಕು.

ಗೊಬ್ಬರಗುಂಡಿ: ಕೊಟ್ಟಿಗೆ ಗೊಬ್ಬರ ಹಾಕಿದ್ದರೆ ಇದೆಲ್ಲ ಬರುತ್ತಲೇ ಇರಲಿಲ್ಲ.

ಹುಳಿಸಿಹಿ: ಲೋಡುಗಟ್ಟಲೆ ಹಣ್ಣು ಸಾಗಿಸುತ್ತೀರಲ್ಲ, ಅದರ ಜೊತೆ ಹೋದ ಜಿಂಕ್ ಯಾರು ವಾಪಸ್ ಕೊಡುತ್ತಾರೆ?

ಗೊಬ್ಬರಗುಂಡಿ: ನೀವು ಅಂಗಡಿಯವರಾ?

ಹುಳಿಸಿಹಿ: ನೀವು ತೋಟ ಮಾಡಿದ್ದೀರಾ?

ಮಣ್ಣುವೈದ್ಯ: ಗೊಬ್ಬರವೂ ಬೇಕು, ಕೊರತೆ ಕಂಡಾಗ ಜಿಂಕೂ ಬೇಕು. ಜಗಳ ಬೇರೆ ಕಡೆ ಆಡಿ.

ಕೆಂಪುಮಣ್ಣು: ತಾಮ್ರ ಕಡಿಮೆಯಾದರೆ ಕಾಂಡದಿಂದ ಅಂಟು ಬರುತ್ತದಾ ಸರ್?

ನೆರಳುಮರ: ಹೂ ಉದುರದಿರಲು ಗಿಡಕ್ಕೊಂದು ಹಿಡಿ ಬೋರಾಕ್ಸ್ ಅಂತೆ. ವಿಡಿಯೋ ಹಾಕಲಾ?

ಮಣ್ಣುವೈದ್ಯ: ಹಾಕಬೇಡಿ! ಬೋರಾಕ್ಸ್‌ನಲ್ಲಿರುವುದು ಬೋರಾನ್. ಅದರಲ್ಲಿ ಕಡಿಮೆಗೂ ವಿಷಕ್ಕೂ ಅಂತರ ತೀರಾ ಚಿಕ್ಕದು. ಜಾಸ್ತಿಯಾದರೆ ಎಲೆ ತುದಿ ಹಳದಿಯಾಗಿ ಸುಟ್ಟು ಎಲೆ ಉದುರುತ್ತದೆ. ಹಾಕಿದ್ದನ್ನು ಸುಲಭವಾಗಿ ವಾಪಸ್ ತೆಗೆಯಲೂ ಆಗುವುದಿಲ್ಲ. ಮೊದಲು ಎಲೆ ಪರೀಕ್ಷೆ ಮಾಡಿಸಿ, ನಾಲ್ಕರಿಂದ ಆರು ತಿಂಗಳ ಎಲೆ ಕೊಡಿ. ಹಿಡಿಗಟ್ಟಲೆ ಲೆಕ್ಕ ಹೇಳುವವರ ತೋಟ ನೋಡಿದ್ದೀರಾ ನೀವು?

ನೆರಳುಮರ: ಕೇಳಿದ್ದಕ್ಕೆ ಇಷ್ಟು ಸಿಟ್ಟು ಯಾಕೆ?

ದಾಳಿಂಬೆಬೇಲಿ: ಎಪ್ಸಮ್ ಸಾಲ್ಟ್ ಹಾಕಿದರೆ ಚಿಗುರು ಹಸಿರಾಗುತ್ತಾ?

ಮಣ್ಣುವೈದ್ಯ: ಅದು ಮೆಗ್ನೀಸಿಯಂ. ಅದರ ಕೊರತೆ ಹಳೆ ಎಲೆಯಲ್ಲಿ ಕಾಣುತ್ತದೆ. ಮುಂದೆ.

ಗೊಬ್ಬರಗುಂಡಿ: ಇವರಿಗೆ ರಾಸಾಯನಿಕ ಬಿಟ್ಟು ಬೇರೆ ಗೊತ್ತಿಲ್ಲ.

ಹುಳಿಸಿಹಿ: ಜಿಂಕ್ ಸಲ್ಫೇಟೂ ಗೊತ್ತು, ಗೊಬ್ಬರವೂ ಗೊತ್ತು. ನಿಮಗೆ ಎರಡನೆಯದೇ ಅರ್ಧ ಗೊತ್ತು.

ಒಂಟಿಬಾವಿ: ಸರ್, ನೋಡಿದೆ. ಹತ್ತರಲ್ಲಿ ಏಳು ಎಲೆ ತಾಳೆಯಾಗಲಿಲ್ಲ. ಬೀಜ ಜೊಳ್ಳು, ಕಂದಿದೆ.

ಮಣ್ಣುವೈದ್ಯ: ನಾಳೆಯೇ ಲ್ಯಾಬಿಗೆ ಕಳಿಸಿ. ಆ ಗಿಡಗಳಿಂದ ಕಸಿಗೆ ಕಡ್ಡಿ ಯಾರಿಗಾದರೂ ಕೊಟ್ಟಿದ್ದೀರಾ?

ಒಂಟಿಬಾವಿ: ಹೋದ ವರ್ಷ ತಮ್ಮನಿಗೆ ಕೊಟ್ಟಿದ್ದೆ. ಇನ್ನೂರು ಸಸಿ ಮಾಡಿದ್ದಾನೆ.

ಹಸಿರುಗೇಟು: ಸರ್, ಜಿಂಕ್ ಲೀಟರಿಗೆ ಎಷ್ಟು?