ಸ್ಕೂಲ್ ಡಿಸ್ಟ್ರಿಕ್ಟಿಗೆ ದುಡ್ಡು ಎಲ್ಲಿಂದ ಬರುತ್ತೆ, ಯಾರ ಮಾತು ನಡೆಯುತ್ತೆ? ಗೊತ್ತಿದ್ದೋರು ಹೇಳಿ

ಪ್ರಶ್ನೆ: ಬೇ ಏರಿಯಾ, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಇಲ್ಲಿ ಮನೆ ತಗೊಂಡ್ವಿ. ಮಗಳು ಎರಡನೇ ಕ್ಲಾಸು, ಮಗ ಮುಂದಿನ ವರ್ಷ ಟಿಕೆಗೆ (ಕಿಂಡರ್‌ಗಾರ್ಟನ್‌ಗಿಂತ ಮುಂಚಿನ ಕ್ಲಾಸು) ಹೋಗ್ತಾನೆ. "ಸ್ಕೂಲ್ ನೋಡ್ಕೊಂಡು ಮನೆ ತಗೊಳ್ಳಿ" ಅಂತ ಸಿಕ್ಕವರೆಲ್ಲ ಹೇಳಿದ್ರು, ಹಾಗೇ ಮಾಡಿ ಕೈ ಖಾಲಿ ಮಾಡ್ಕೊಂಡ್ವಿ. ಈಗ ನೋಡಿದ್ರೆ ಡಿಸ್ಟ್ರಿಕ್ಟಿಂದ ಈಮೇಲ್: ಬಜೆಟ್ ಕೊರತೆ, ಕೌನ್ಸೆಲರ್ ಮತ್ತು ಲೈಬ್ರರಿ ಸಿಬ್ಬಂದಿ ಕಡಿತ, ಒಂದೆರಡು ಶಾಲೆ ಮುಚ್ಚೋ ಬಗ್ಗೆ "ಚರ್ಚೆ". ಇಷ್ಟೊಂದು ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಲ್ಲ, ಅದೆಲ್ಲ ಎಲ್ಲಿ ಹೋಗುತ್ತೆ? ತೀರ್ಮಾನ ಮಾಡೋರು ಪ್ರಿನ್ಸಿಪಾಲಾ, ಸಿಟಿಯವರಾ, ಸ್ಟೇಟಾ? ನಾವಿಬ್ರೂ ಎಚ್-1ಬಿ, ವೋಟಿಲ್ಲ. ನಮ್ಮ ಮಾತು ಯಾರಾದ್ರೂ ಕಿವಿಗೆ ಹಾಕ್ಕೋತಾರಾ?

ಉತ್ತರ: ಫ್ರೀಮಾಂಟಿನಿಂದ, ಮಕ್ಕಳು ಈಗ ಹೈಸ್ಕೂಲು

ಊರಲ್ಲಿ ಸರ್ಕಾರಿ ಶಾಲೆ ಅಂದ್ರೆ ಬಿಇಒ, ಅವರ ಮೇಲೆ ಡಿಡಿಪಿಐ, ಅದರ ಮೇಲೆ ಬೆಂಗಳೂರಿನ ಇಲಾಖೆ. ಆ ಲೆಕ್ಕ ಇಟ್ಕೊಂಡು ಇಲ್ಲಿ ಹುಡುಕಿದ್ರೆ ಯಾರೂ ಸಿಗಲ್ಲ. ಇಲ್ಲಿ ಡಿಸ್ಟ್ರಿಕ್ಟೇ ಒಂದು ಪುಟ್ಟ ಸರ್ಕಾರ. ಅದಕ್ಕೆ ಅದರದ್ದೇ ಗಡಿ, ಅದರದ್ದೇ ಚುನಾವಣೆ. ಮೇಯರ್ ಮುಂದೆ ನಿಂತು ಅತ್ತರೂ ಒಬ್ಬ ಲೈಬ್ರರಿಯನ್ ಕೆಲಸ ಉಳಿಯಲ್ಲ. ಐದು ಜನರ ಬೋರ್ಡು (ಕೆಲವು ಕಡೆ ಏಳು), ನಾಲ್ಕು ವರ್ಷದ ಅವಧಿ, ಎಲ್ಲರದ್ದೂ ಒಟ್ಟಿಗೆ ಮುಗಿಯಲ್ಲ. ಅವರು ಸೂಪರಿಂಟೆಂಡೆಂಟ್‌ನ ನೇಮಿಸ್ತಾರೆ, ಮಿಕ್ಕ ಆಡಳಿತವೆಲ್ಲ ಆ ಸೂಪರಿಂಟೆಂಡೆಂಟ್ ಕೈಯಲ್ಲಿ. ಕಡಿತ ಮಾಡೋದು, ಶಾಲೆ ಮುಚ್ಚೋದು ಬೋರ್ಡಿನ ಮತದಿಂದಲೇ ಆಗಬೇಕು. ಪ್ರಿನ್ಸಿಪಾಲ್‌ಗೆ ಬಯ್ದು ಪ್ರಯೋಜನ ಇಲ್ಲ, ಅವರಿಗೂ ಅದೇ ಈಮೇಲ್ ಬಂದಿರುತ್ತೆ.

ಇನ್ನು ದುಡ್ಡು. ಕೌಂಟಿಯಿಂದ ಬರೋ ಟ್ಯಾಕ್ಸ್ ಬಿಲ್ ತೆಗೆದು ಮುಂದಿಟ್ಕೊಳ್ಳಿ. ಮೇಲುಗಡೆ ದೊಡ್ಡ ಸಾಲು, ಮನೆಯ ಅಸೆಸ್ಡ್ ಬೆಲೆಯ (ಟ್ಯಾಕ್ಸ್ ಲೆಕ್ಕಕ್ಕೆ ಹಿಡಿಯೋ ಬೆಲೆ) ಶೇ 1. 1978ರ ಪ್ರೊಪೊಸಿಷನ್ 13 (ಜನರೇ ವೋಟ್ ಹಾಕಿ ತಂದ ಕಾನೂನು) ಪ್ರಕಾರ ಅದಕ್ಕಿಂತ ಜಾಸ್ತಿ ಹಾಕೋ ಹಾಗಿಲ್ಲ, ಮನೆ ಮಾರಾಟ ಆಗೋವರೆಗೂ ಆ ಬೆಲೆ ವರ್ಷಕ್ಕೆ ಶೇ 2ಕ್ಕಿಂತ ಏರಿಸೋ ಹಾಗೂ ಇಲ್ಲ. ಪಕ್ಕದ ಮನೆಯ ಅಜ್ಜಿ ಎಂಬತ್ತರ ದಶಕದಲ್ಲಿ ಕೊಂಡಿದ್ರೆ ನೀವು ಕಟ್ಟೋದರಲ್ಲಿ ಹತ್ತನೇ ಒಂದು ಭಾಗ ಕಟ್ತಿರಬಹುದು, ಎರಡೂ ಮನೆಯ ಮಕ್ಕಳು ಹೋಗೋದು ಒಂದೇ ಶಾಲೆಗೆ. ಈ ಶೇ 1 ಕೂಡ ಪೂರ್ತಿ ಶಾಲೆಗಲ್ಲ, ಕೌಂಟಿ, ಸಿಟಿ, ಕಮ್ಯುನಿಟಿ ಕಾಲೇಜು ಎಲ್ಲಕ್ಕೂ ಹಂಚಿಹೋಗುತ್ತೆ. ಅದರ ಕೆಳಗೆ ಮತದಾರರು ಒಪ್ಪಿದ ಬಾಂಡುಗಳ ಸಾಲುಗಳು. ತೀರ ಕೆಳಗೆ, ಸೊಳ್ಳೆ ನಿಯಂತ್ರಣದಂಥ ಚಿಲ್ಲರೆ ಬಾಬ್ತುಗಳ ಮಧ್ಯೆ, ಪಾರ್ಸೆಲ್ ಟ್ಯಾಕ್ಸ್ (ಮನೆ ಬೆಲೆ ನೋಡದೆ ಒಂದೊಂದು ಆಸ್ತಿಗೆ ಇಷ್ಟು ಅಂತ ಹಾಕೋದು) ಇದ್ರೆ ಅದು.

ಈಗ ಬಹಳ ಜನರಿಗೆ ಗೊತ್ತಿಲ್ಲದ ವಿಷಯ. ನೀವು ದುಬಾರಿ ಮನೆ ತಗೊಂಡ್ರಿ ಅಂತ ನಿಮ್ಮ ಡಿಸ್ಟ್ರಿಕ್ಟಿಗೆ ಒಂದು ಡಾಲರ್ ಕೂಡ ಜಾಸ್ತಿ ಸಿಗಲ್ಲ. 2013ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕಾಲದಲ್ಲಿ ಬಂದ ಎಲ್‌ಸಿಎಫ್‌ಎಫ್ (ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ) ಸೂತ್ರದ ಪ್ರಕಾರ, ಒಂದು ಮಗುವಿಗೆ ಇಷ್ಟು ಅಂತ ರಾಜ್ಯವೇ ನಿಗದಿ ಮಾಡಿದೆ. ಪ್ರೈಮರಿಗೆ ಮೂಲ ಮೊತ್ತ ಸುಮಾರು 10,000 ಡಾಲರ್, ಹೈಸ್ಕೂಲಿಗೆ 12,000 ಆಸುಪಾಸು. ಮೊದಲು ಸ್ಥಳೀಯ ಪ್ರಾಪರ್ಟಿ ಟ್ಯಾಕ್ಸಿನಿಂದ ತುಂಬಿಸ್ತಾರೆ, ಕಡಿಮೆ ಬಿದ್ದಷ್ಟನ್ನ ರಾಜ್ಯ ಸೇರಿಸುತ್ತೆ. ನಿಮ್ಮ ಟ್ಯಾಕ್ಸ್ ಜಾಸ್ತಿ ಆದ್ರೆ ರಾಜ್ಯ ಅಷ್ಟು ಕಮ್ಮಿ ಹಾಕುತ್ತೆ, ಅಷ್ಟೇ. ಬಡ ಕುಟುಂಬದ ಮಕ್ಕಳು, ಇಂಗ್ಲಿಷ್ ಕಲಿಯುತ್ತಿರುವವರು, ಫಾಸ್ಟರ್ ಮಕ್ಕಳು (ಸರ್ಕಾರದ ಆಸರೆಯಲ್ಲಿ ಬೇರೆಯವರ ಮನೇಲಿ ಬೆಳೆಯೋರು) ಇದ್ರೆ ತಲೆಗೆ ಶೇ 20 ಹೆಚ್ಚು, ಅಂಥ ಮಕ್ಕಳ ಪ್ರಮಾಣ ಶೇ 55 ದಾಟಿದ್ರೆ ಇನ್ನೂ ಹೆಚ್ಚು. ಇದು ನ್ಯಾಯವೇ ಅಂತ ನನ್ನ ಅಭಿಪ್ರಾಯ, ಕೆಲವರಿಗೆ ಸಿಟ್ಟು ಬರಬಹುದು. ನಮ್ಮಂಥ ಐಟಿ ಜನ ತುಂಬಿರೋ ಡಿಸ್ಟ್ರಿಕ್ಟುಗಳಿಗೆ ಮಾತ್ರ ಮೂಲ ಮೊತ್ತವೇ ಗತಿ. ಇಲ್ಲಿನ ಬಾಡಿಗೆ ನೋಡಿ ಟೀಚರಿಗೆ ಎಷ್ಟು ಸಂಬಳ ಕೊಡಬೇಕು ಅಂತ ಲೆಕ್ಕ ಹಾಕಿ. ಖರ್ಚಿನಲ್ಲಿ ನೂರಕ್ಕೆ ಎಂಬತ್ತರ ಮೇಲೆ ಸಂಬಳ, ಇನ್ಶೂರೆನ್ಸ್, ಪೆನ್ಶನ್‌ಗೇ ಹೋಗುತ್ತೆ. ಫೆಡರಲ್ ದುಡ್ಡು ಅನ್ನೋದು ಒಗ್ಗರಣೆಯಷ್ಟು.

ಇನ್ನೊಂದು ಮಾತು. ಆ ಮೊತ್ತ ಹೆಸರು ಬರೆಸಿದ ಮಕ್ಕಳ ಸಂಖ್ಯೆಗಲ್ಲ, ಹಾಜರಾತಿಗೆ. ವರ್ಷಕ್ಕೆ 180 ದಿನ ಶಾಲೆ. ಒಂದು ಮಗು ಒಂದು ದಿನ ಬರದಿದ್ರೆ ಹೆಚ್ಚುಕಮ್ಮಿ 55 ಡಾಲರ್ ಖೋತಾ. ಜ್ವರ ಅಂತ ಫೋನ್ ಮಾಡಿ ಹೇಳಿದ್ರೂ ಖೋತಾನೇ. ಡಿಸೆಂಬರಲ್ಲಿ ಟಿಕೆಟ್ ದುಬಾರಿ ಅಂತ ಜನವರಿ ಮಧ್ಯದವರೆಗೂ ಬೆಂಗಳೂರಲ್ಲಿ ಕೂರೋದು ನಮ್ಮವರಲ್ಲಿ ಎಷ್ಟು ಮನೆ? ಹೋಗೋ ಮೊದಲೇ ಆಫೀಸಿನಲ್ಲಿ ಇಂಡಿಪೆಂಡೆಂಟ್ ಸ್ಟಡಿ ಒಪ್ಪಂದ ಕೇಳಿ, ಸಹಿ ಹಾಕಿ. ಮಗು ಅಜ್ಜಿ ಮನೇಲಿ ಕೂತು ಹೋಮ್‌ವರ್ಕ್ ಮುಗಿಸಿ ತಂದ್ರೆ ಹಾಜರಾತಿ ಎಣಿಕೆಗೆ ಬರುತ್ತೆ. ದುಡ್ಡು ಕೊಡದೆ ಶಾಲೆಗೆ ದುಡ್ಡು ಉಳಿಸೋ ದಾರಿ ಇದು.

ಉತ್ತರ: ಸನ್ನಿವೇಲ್

ಮೇಲಿನವರು ಹೇಳಿದ್ದಕ್ಕೆ ಒಂದು ತಿರುವು ಇದೆ. ಕೆಲವು ಕಡೆ ಸ್ಥಳೀಯ ಟ್ಯಾಕ್ಸೇ ಸೂತ್ರದ ಮೊತ್ತ ಮೀರಿಬಿಡುತ್ತೆ. ಮಿಕ್ಕಿದ್ದನ್ನ ರಾಜ್ಯ ಕಿತ್ಕೊಳ್ಳಲ್ಲ, ಡಿಸ್ಟ್ರಿಕ್ಟೇ ಇಟ್ಕೊಳ್ಳುತ್ತೆ. ಬೇಸಿಕ್ ಏಡ್ ಅಂತಾರೆ, ಪಾಲೊ ಆಲ್ಟೊ ಹಾಗೆ. ಕುಪರ್ಟಿನೋದಲ್ಲಿ ಎಂಟನೇ ಕ್ಲಾಸಿನ ತನಕ ಒಂದು ಡಿಸ್ಟ್ರಿಕ್ಟು, ಹೈಸ್ಕೂಲಿಗೆ ಇನ್ನೊಂದು, ಫ್ರೀಮಾಂಟ್ ಯೂನಿಯನ್. (ಹೆಸರು ನೋಡಿ ಫ್ರೀಮಾಂಟ್ ಊರಿನದ್ದು ಅಂದ್ಕೋಬೇಡಿ, ಹೊಸಬರೆಲ್ಲ ಇಲ್ಲೇ ಎಡವೋದು.) ಒಂದೇ ಮನೆ, ಒಂದೇ ಟ್ಯಾಕ್ಸ್ ಬಿಲ್, ಆದ್ರೆ ಹೈಸ್ಕೂಲು ಬೇಸಿಕ್ ಏಡ್, ಕೆಳಗಿನ ಶಾಲೆಗಳು ವರ್ಷಗಟ್ಟಲೆ ತಲೆ ಎಣಿಸ್ಕೊಂಡು ಬದುಕಿದವು. ಮಕ್ಕಳು ಕಡಿಮೆ ಆಗಿ 2021ರ ಅಕ್ಟೋಬರಿನಲ್ಲಿ ಕುಪರ್ಟಿನೋ ಯೂನಿಯನ್ ಬೋರ್ಡು ರೆಗ್ನಾರ್ಟ್, ಮೆಯರ್‌ಹೋಲ್ಜ್ ಎರಡು ಶಾಲೆ ಮುಚ್ಚೋಕೆ ಮತ ಹಾಕ್ತು. ಮನೆ ಬೆಲೆ ನೋಡಿದ್ರೆ ಅಂಥ ಜಾಗದಲ್ಲಿ ಶಾಲೆ ಮುಚ್ಚುತ್ತೆ ಅಂತ ಯಾರು ನಂಬ್ತಾರೆ? ಆದರೆ ಆ ಬೆಲೆಗೆ ಎಳೆ ಮಕ್ಕಳಿರೋ ಸಂಸಾರಗಳು ಬರೋಕಾಗದೇ ಇದ್ದದ್ದೂ ಒಂದು ಕಾರಣ.

ಪ್ರಶ್ನೆ ಕೇಳಿದವರು

ತುಂಬ ಉಪಕಾರ ಆಯ್ತು. ಇನ್ನೊಂದು ಅನುಮಾನ. ನಮ್ಮಲ್ಲಿ ಬಾಂಡ್ ಪಾಸಾಗಿ ಹೊಸ ಜಿಮ್ ಕಟ್ತಿದ್ದಾರೆ. ಕೌನ್ಸೆಲರ್‌ಗೆ ದುಡ್ಡಿಲ್ವಂತೆ, ಜಿಮ್ಮಿಗೆ ಇದೆಯಂತೆ. ಇದ್ಯಾವ ನ್ಯಾಯ?

ಉತ್ತರ: ಸ್ಯಾನ್ ಹೋಸೆ, ಬಾಂಡ್ ಉಸ್ತುವಾರಿ ಸಮಿತಿಯಲ್ಲಿದ್ದೆ

ಪ್ರತಿ ಸಲ ಬರೋ ಪ್ರಶ್ನೆ ಇದು. ಬಾಂಡ್ ಅಂದ್ರೆ ಸಾಲ, ಕಟ್ಟಡ ಮತ್ತು ಸಲಕರಣೆಗೆ ಮಾತ್ರ. ಸಂಬಳಕ್ಕೆ ಮುಟ್ಟಿದ್ರೆ ಕಾನೂನು ಮುರಿದ ಹಾಗೆ. 2000ದ ಪ್ರೊಪೊಸಿಷನ್ 39 ಆದ ಮೇಲೆ ಬಾಂಡಿಗೆ ಶೇ 55 ಮತ ಸಾಕು, ಜೊತೆಗೆ ನಾಗರಿಕರ ಉಸ್ತುವಾರಿ ಸಮಿತಿ ಇರಲೇಬೇಕು. ಪಾರ್ಸೆಲ್ ಟ್ಯಾಕ್ಸನ್ನ ಸಂಬಳಕ್ಕೂ ಬಳಸಬಹುದು, ಆದ್ರೆ ಅದಕ್ಕೆ ಸಾಮಾನ್ಯವಾಗಿ ಮೂರರಲ್ಲಿ ಎರಡು ಪಾಲು ಮತ ಬೇಕು. ಅದಕ್ಕೇ ಜಿಮ್ ಏಳುತ್ತೆ, ಕೌನ್ಸೆಲರ್ ಹೋಗ್ತಾರೆ. ನನ್ನನ್ನ ಕೇಳಿದ್ರೆ ನಿಯಮ ತಲೆಕೆಳಗಾಗಿದೆ. ಆದ್ರೆ "ಜಿಮ್ ದುಡ್ಡು ತಂದು ಇಲ್ಲಿ ಹಾಕಿ" ಅಂತ ಬೋರ್ಡ್ ಮೀಟಿಂಗಲ್ಲಿ ಎದ್ದು ಹೇಳಿದ್ರೆ ಅವರು ನಿಮ್ಮ ಮುಂದಿನ ಮಾತನ್ನೂ ಕೇಳಲ್ಲ.

ಉತ್ತರ: ಸ್ಯಾನ್ ರಮೋನ್ ಕಡೆಯಿಂದ ಒಬ್ಬ ತಾಯಿ

ಮಗನ್ನ ಸೇರಿಸೋವಾಗ ಹೋಮ್ ಲ್ಯಾಂಗ್ವೇಜ್ ಸರ್ವೇ ಅಂತ ಒಂದು ಕಾಗದ ಕೊಡ್ತಾರೆ: ಮಗು ಮೊದಲು ಕಲಿತ ಭಾಷೆ ಯಾವುದು, ಮನೇಲಿ ಹೆಚ್ಚಾಗಿ ಯಾವುದು ಮಾತಾಡುತ್ತೆ, ಹೀಗೆ. "ಕನ್ನಡ ಅಂತ ಬರೀಬೇಡಿ, ಮಗೂನ ದಡ್ಡರ ಕ್ಲಾಸಿಗೆ ಹಾಕ್ತಾರೆ" ಅಂತ ಪಾರ್ಕಲ್ಲಿ ಸಿಗೋ ಎಲ್ಲರೂ ಹೇಳ್ತಾರೆ. ನಂಬಬೇಡಿ. ಕನ್ನಡ ಅಂತ ಬರೆದ್ರೆ, ಕಿಂಡರ್‌ಗಾರ್ಟನ್‌ಗೆ ಸೇರಿದ 30 ದಿನದೊಳಗೆ (ಟಿಕೆಯಲ್ಲಿ ಈಗ ಇದಿಲ್ಲ) ಎಲ್ಪ್ಯಾಕ್ ಅಂತ ಒಂದು ಪರೀಕ್ಷೆ ಮಾಡ್ತಾರೆ. ಇಂಗ್ಲಿಷ್ ಸಾಕಷ್ಟು ಬರುತ್ತೆ ಅಂತ ಕಂಡ್ರೆ ಅಲ್ಲಿಗೆ ಮುಗೀತು. ಬರಲ್ಲ ಅಂದ್ರೆ ದಿನಕ್ಕೆ ಸ್ವಲ್ಪ ಹೊತ್ತು ಇಂಗ್ಲಿಷ್ ಪಾಠ ಜಾಸ್ತಿ ಸಿಗುತ್ತೆ, ಡಿಸ್ಟ್ರಿಕ್ಟಿಗೆ ಮೇಲೆ ಹೇಳಿದ ಶೇ 20 ಸಿಗುತ್ತೆ. ನನ್ನ ಮಗಳು ಅದರಲ್ಲಿದ್ದು ಹೊರಬಂದಳು, ಅವಳಿಗೆ ಏನೂ ಕೊಂಬು ಮುರಿದಿಲ್ಲ.

ಶಾಲೆಯಲ್ಲಿ ಅಂಥ ಮಕ್ಕಳು 21 ಅಥವಾ ಹೆಚ್ಚು ಇದ್ರೆ ಎಲಾಕ್ ಅನ್ನೋ ಪೋಷಕರ ಸಮಿತಿ ಮಾಡಲೇಬೇಕು. ಅದಕ್ಕೆ ಸೇರೋಕೆ ವೀಸಾ, ಪಾಸ್‌ಪೋರ್ಟ್ ಯಾರೂ ಕೇಳಲ್ಲ. ಸ್ಕೂಲ್ ಸೈಟ್ ಕೌನ್ಸಿಲ್‌ಗೂ (ಪೋಷಕರು, ಟೀಚರುಗಳು ಇರೋ ಶಾಲೆಯ ಸಮಿತಿ) ಕೇಳಲ್ಲ. ಬೋರ್ಡ್ ಮೀಟಿಂಗಲ್ಲಿ ಎದ್ದು ಮಾತಾಡೋಕೂ ಕೇಳಲ್ಲ. ಬೋರ್ಡಿಗೆ ವೋಟ್ ಹಾಕೋಕೆ ಸಿಟಿಜನ್ ಆಗಿರಬೇಕು ನಿಜ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮಾತ್ರ 2016ರಲ್ಲಿ ಜನ ಮತ ಹಾಕಿ, ಸಿಟಿಜನ್ ಅಲ್ಲದ ಪೋಷಕರಿಗೂ ಸ್ಕೂಲ್ ಬೋರ್ಡ್ ಚುನಾವಣೆಯ ವೋಟು ಕೊಟ್ಟಿದ್ದಾರೆ.

ಉತ್ತರ: ಪ್ಲೇನೊ, ಟೆಕ್ಸಸ್ (ಮೂಲ ಧಾರವಾಡ)

ನಮ್ಮ ಕಡೆ ಕಥಿ ಬ್ಯಾರೆ ಐತ್ರಿ. ಇಲ್ಲೆ ರಾಜ್ಯದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಿಂಗಾಗಿ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲಿನ್ಯಾಗ ಸಾಲಿ ಪಾಲs ದೊಡ್ಡದು. ಬೋರ್ಡಿನ್ಯಾಗ ಏಳು ಮಂದಿ ಟ್ರಸ್ಟಿಗಳು (ಸದಸ್ಯರು), ಪಗಾರ ಇಲ್ಲ. ಆದ್ರ ಶ್ರೀಮಂತ ಡಿಸ್ಟ್ರಿಕ್ಟ್ ಇದ್ರ ಹೆಚ್ಚಿನ ರೊಕ್ಕಾ ರಾಜ್ಯ ತಗೊಂಡು ಹೋಗ್ತದ. 1993ರಿಂದ ನಡದದ, ಮಂದಿ ರಾಬಿನ್ ಹುಡ್ ಅಂತಾರ. ಆಸ್ಟಿನ್, ಪ್ಲೇನೊ ಎಲ್ಲಾ ಕೊಟ್ಟಾವ. ರಾಜ್ಯ ಒಂದ್ ಹುಡುಗಗ ಕೊಡೋ ಮೂಲ ಮೊತ್ತ 2019ರಿಂದ 6,160 ಡಾಲರ್‌ಗೆ ನಿಂತಬಿಟ್ಟಿತ್ತು, 2025ರಾಗ ಏರಿಸಿದ್ದು ಬರೇ 55 ಡಾಲರ್. ನಡುವ ತುಟ್ಟಿ ಎಷ್ಟಾತು ನೀವs ಲೆಕ್ಕಾ ಹಾಕ್ರಿ. ಪ್ಲೇನೊ ಬೋರ್ಡ್ 2024ರ ಜೂನ್‌ದಾಗ ನಾಕು ಸಾಲಿ ಮುಚ್ಚಾಕ ನಿರ್ಧಾರ ಮಾಡ್ತು. ಅಂದ್ರ ನಿಮ್ಮ ಬ್ಯಾನಿ ನಿಮ್ಮ ಊರಿಗಷ್ಟs ಅಲ್ಲ. ಟೆಕ್ಸಸ್‌ನವರು ಯಾರರೆ ಓದಾಕತ್ತಿದ್ರ, ಇರೋ ಮನಿಗೆ ಟ್ಯಾಕ್ಸ್ ಕಡಿಮಿ ಮಾಡೋ ಹೋಮ್‌ಸ್ಟೆಡ್ ಅರ್ಜಿ ಹಾಕೋದು ಮರೀಬ್ಯಾಡ್ರಿ.

ಉತ್ತರ: ಎಡಿಸನ್, ನ್ಯೂಜೆರ್ಸಿ

ನಮ್ಮಲ್ಲಿ ಟ್ಯಾಕ್ಸ್ ಬಿಲ್ ಓದುವುದು ಸುಲಭ ಮಾರಾಯ್ರೆ. ಕೌಂಟಿಗೆ ಎಷ್ಟು, ಟೌನ್‌ಶಿಪ್ಪಿಗೆ ಎಷ್ಟು, ಶಾಲೆಗೆ ಎಷ್ಟು ಅಂತ ಬೇರೆ ಬೇರೆ ಬರೆದುಂಟು. ಬೋರ್ಡಿನಲ್ಲಿ ಒಂಬತ್ತು ಜನ, ಮೂರು ವರ್ಷದ ಅವಧಿ, ಸಂಬಳ ಇಲ್ಲ. ಮೊದಲು ಬಜೆಟ್ಟಿಗೂ ಜನ ವೋಟು ಹಾಕುವುದಿತ್ತು. 2012ರಿಂದ ಚುನಾವಣೆಯನ್ನು ನವೆಂಬರಿಗೆ ಸರಿಸಿದ ಕಡೆ, ಟ್ಯಾಕ್ಸ್ ಏರಿಕೆ ಶೇ 2ರ ಮಿತಿಯೊಳಗೆ ಇದ್ದರೆ ವೋಟು ಬೇಡ. ಹೆಚ್ಚಿನ ಊರುಗಳು ಸರಿಸಿದವು. ಬಜೆಟ್ ತಿರಸ್ಕರಿಸುವ ಅವಕಾಶ ಹಾಗೆ ಸದ್ದಿಲ್ಲದೆ ಹೋಯಿತು.

ಪ್ರಶ್ನೆ ಕೇಳಿದವರು

ಸರಿ, ನಾನು ಯಾವಾಗ ಹೋಗಿ ಏನು ಮಾತಾಡಲಿ? ಜೂನ್‌ನಲ್ಲಿ ಬಜೆಟ್ ಪಾಸ್ ಮಾಡೋ ಮೀಟಿಂಗ್ ಇದೆ ಅಂತ ಕ್ಯಾಲೆಂಡರಲ್ಲಿ ಹಾಕ್ಕೊಂಡೆ.

ಉತ್ತರ: ಫ್ರೀಮಾಂಟಿನಿಂದ, ಮೊದಲು ಉತ್ತರಿಸಿದವರು

ಜೂನ್‌ನಲ್ಲಿ ಹೋದ್ರೆ ಊಟ ಮುಗಿದ ಮೇಲೆ ಮದುವೆ ಮನೆಗೆ ಹೋದ ಹಾಗೆ. ಕಾನೂನು ಪ್ರಕಾರ ಬಜೆಟ್ ಜೂನ್ 30ರೊಳಗೆ ಪಾಸಾಗಬೇಕು, ಆದ್ರೆ ಟೀಚರ್ ಮತ್ತು ಕೌನ್ಸೆಲರ್‌ಗಳನ್ನ ಕೆಲಸದಿಂದ ತೆಗೀಬೇಕಂದ್ರೆ ಮಾರ್ಚ್ 15ರೊಳಗೆ ನೋಟಿಸ್ ಕೊಡಬೇಕು. ಅಂದ್ರೆ ಯಾರನ್ನ ಕಡಿಯೋದು ಅಂತ ಫೆಬ್ರವರಿ ಹೊತ್ತಿಗೆ ತೀರ್ಮಾನ ಆಗಿರುತ್ತೆ. ನೀವು ಬರಬೇಕಾದದ್ದು ಡಿಸೆಂಬರ್ ಮಧ್ಯದ ಫಸ್ಟ್ ಇಂಟರಿಂ ವರದಿಗೆ (ವರ್ಷದ ನಡುವೆ ಬರೋ ಮೊದಲ ಹಣಕಾಸು ವರದಿ), ಆಮೇಲೆ ಜನವರಿ-ಫೆಬ್ರವರಿಯ ಮೀಟಿಂಗುಗಳಿಗೆ. ಜನವರಿ 10ರೊಳಗೆ ಗವರ್ನರ್ ಬಜೆಟ್ ಪ್ರಸ್ತಾವ ಹೊರಬರುತ್ತೆ, ಅದರ ಮೇಲೆ ಎಲ್ಲರ ಲೆಕ್ಕ.

ರೆಗ್ಯುಲರ್ ಮೀಟಿಂಗಿನ ಅಜೆಂಡಾ 72 ಗಂಟೆ ಮೊದಲು ಹಾಕಲೇಬೇಕು, 1953ರ ಬ್ರೌನ್ ಆಕ್ಟ್ (ಸಭೆಗಳು ಜನರಿಗೆ ತೆರೆದಿರಬೇಕು ಅನ್ನೋ ಕಾನೂನು) ಹಾಗೆ ಹೇಳುತ್ತೆ. ಮಾತಾಡೋಕೆ ಎರಡು ಮೂರು ನಿಮಿಷ ಸಿಗುತ್ತೆ. ಅಜೆಂಡಾದಲ್ಲಿ ಇಲ್ಲದ ವಿಷಯ ಎತ್ತಿದ್ರೆ ಅವರು ಸುಮ್ಮನೆ ನಿಮ್ಮ ಮುಖ ನೋಡ್ತಾರೆ. ಅಸಡ್ಡೆ ಅಂತಲ್ಲ, ಅದರ ಮೇಲೆ ಚರ್ಚೆ ಮಾಡೋ ಹಾಗಿಲ್ಲ. ಹಾಗಾಗಿ ಅಜೆಂಡಾದ ಐಟಂ ನಂಬರ್ ಹಿಡಿದೇ ಮಾತಾಡಿ. "ದುಡ್ಡು ಜಾಸ್ತಿ ತನ್ನಿ" ಅನ್ನಬೇಡಿ, ಬರೋ ದುಡ್ಡಿನ ಮೇಲೆ ಬೋರ್ಡಿನ ಹಿಡಿತ ಕಮ್ಮಿ. ಹೋಗೋ ದುಡ್ಡಿನ ಮೇಲೆ ಪೂರ್ತಿ ಇದೆ. ಯಾವ ಕನ್ಸಲ್ಟೆಂಟ್ ಒಪ್ಪಂದ, ಯಾವ ಸಾಫ್ಟ್‌ವೇರ್, ಡಿಸ್ಟ್ರಿಕ್ಟ್ ಆಫೀಸಿನ ಯಾವ ಹುದ್ದೆ, ಅದನ್ನ ಕೇಳಿ. ನಮ್ಮ ಕಡೆ ಕೆಲವು ಪೋಷಕರು ಸೇರಿ ಕನ್ಸೆಂಟ್ ಕ್ಯಾಲೆಂಡರ್ ಓದೋಕೆ ಶುರು ಮಾಡಿದ್ವಿ. ಚರ್ಚೆ ಇಲ್ಲದೆ ಒಟ್ಟಿಗೆ ಒಪ್ಪಿಗೆ ಪಡೆಯೋ ಒಪ್ಪಂದಗಳ ಪಟ್ಟಿ ಅದು. ಅದರಲ್ಲಿ ಒಂದನ್ನ ಬೇರೆ ತೆಗೆದು ಚರ್ಚಿಸಿ ಅಂತ ಒಬ್ಬ ಟ್ರಸ್ಟಿಗೆ ಮೊದಲೇ ಈಮೇಲ್ ಹಾಕಿದ್ವಿ, ಅವರು ತೆಗೆದ್ರು. ಮೀಟಿಂಗಲ್ಲಿ ಕೂಗಾಡಿದ್ದಕ್ಕಿಂತ ಆ ಈಮೇಲಿಂದ ಕೆಲಸ ಆಯ್ತು.

ಪ್ರಶ್ನೆ ಕೇಳಿದವರು

ಹೋದ ಡಿಸೆಂಬರಿನ ಫಸ್ಟ್ ಇಂಟರಿಂ ಡಿಸ್ಟ್ರಿಕ್ಟ್ ಸೈಟಲ್ಲಿ ಸಿಕ್ತು. ಮೂರು ವರ್ಷದ ಅಂದಾಜು ಪಟ್ಟಿ ಇದೆ. ಮೂರನೇ ವರ್ಷಕ್ಕೆ ರಿಸರ್ವ್ (ಕಷ್ಟಕಾಲಕ್ಕೆ ಇಟ್ಟ ದುಡ್ಡು) ಶೇ 3ಕ್ಕಿಂತ ಕೆಳಗೆ. ಮೇಲೆ "ಕ್ವಾಲಿಫೈಡ್" ಅಂತ ಬರೆದಿದ್ದಾರೆ. ಒಳ್ಳೇದು ಅಂತಾನಾ?

ಉತ್ತರ: ಸ್ಯಾನ್ ಹೋಸೆ

ಅಲ್ಲ. ಪಾಸಿಟಿವ್ ಅಂದ್ರೆ ಸರಿಯಿದೆ, ಕ್ವಾಲಿಫೈಡ್ ಅಂದ್ರೆ ಮುಂದೆ ದುಡ್ಡು ಸಾಲದೇ ಹೋಗಬಹುದು, ನೆಗೆಟಿವ್ ಅಂದ್ರೆ ಸಾಲೋದೇ ಇಲ್ಲ. ನಿಮ್ಮಷ್ಟು ದೊಡ್ಡ ಡಿಸ್ಟ್ರಿಕ್ಟಿಗೆ ಕನಿಷ್ಠ ರಿಸರ್ವ್ ಸಾಮಾನ್ಯವಾಗಿ ಶೇ 3. ಮಕ್ಕಳು ಕಮ್ಮಿ ಆದ್ರೂ ಹಿಂದಿನ ಮೂರು ವರ್ಷದ ಸರಾಸರಿ ಹಾಜರಾತಿ ಹಿಡಿಯೋ ಅವಕಾಶ ಇದೆ, ಅದಕ್ಕೇ ಪೆಟ್ಟು ತಡವಾಗಿ ಬೀಳುತ್ತೆ, ಬಿದ್ದಾಗ ಒಟ್ಟಿಗೆ ಬೀಳುತ್ತೆ. ಆ ವರದಿ ಮೇಲೆ ಕೌಂಟಿ ಆಫೀಸ್ ಆಫ್ ಎಜುಕೇಷನ್ ಡಿಸ್ಟ್ರಿಕ್ಟಿಗೆ ಒಂದು ಪತ್ರ ಬರೆದಿರುತ್ತೆ. ಅದನ್ನ ಕೇಳಿ ತಗೊಳ್ಳಿ, ಪಬ್ಲಿಕ್ ರೆಕಾರ್ಡ್, ಕೊಡಲೇಬೇಕು. ಯಾವ ಖರ್ಚು ಹತೋಟಿಗೆ ತನ್ನಿ ಅಂತ ಅವರೇನು ಹೇಳಿದ್ದಾರೆ ಅನ್ನೋದು ಅದರಲ್ಲೇ ಸಿಗುತ್ತೆ.