ಪದ ಬೇಕು: ಫ್ಲ್ಯಾಪ್ (‘ಕಸಿ’ ಬೇಡ)

ಗೆಳೆಯರೇ,
ಗಾಯ ಮುಚ್ಚುವ ಪ್ಲಾಸ್ಟಿಕ್ ಸರ್ಜರಿಯ ಒಪ್ಪಿಗೆ ಪತ್ರ ನಾಳೆ ಅಚ್ಚಿಗೆ ಹೋಗಬೇಕು. ಕರಡಿನಲ್ಲಿ ಗ್ರಾಫ್ಟ್, ಫ್ಲ್ಯಾಪ್ ಎರಡಕ್ಕೂ ‘ಚರ್ಮದ ಕಸಿ’ ಎಂದಿದೆ. ಗ್ರಾಫ್ಟ್ ತೊಡೆಯಿಂದ ಪೂರ್ತಿ ಬಿಡಿಸಿ ತಂದ ತೆಳು ಪದರ. ಮೊದಲೆರಡು ದಿನ ಗಾಯದಲ್ಲಿ ಒಸರುವ ದ್ರವ ಹೀರಿ ಬದುಕುತ್ತದೆ, ಆಮೇಲೆ ರಕ್ತನಾಳ ಕೂಡಬೇಕು. ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ, ಪಟ್ಟಿ ಜರುಗಿದರೆ ಹಿಡಿಯುವುದಿಲ್ಲ. ಪೊರೆ ಕಳಚಿದ ಎಲುಬಿನ ಮೇಲಂತೂ ಇಲ್ಲವೇ ಇಲ್ಲ. ಅಲ್ಲಿ ಫ್ಲ್ಯಾಪೇ ಬೇಕು, ಅದು ತನ್ನ ರಕ್ತನಾಳದೊಡನೆ ಬರುತ್ತದೆ.

ಮರು:
ತ್ವಕ್‌ಪಟಲ. ಮುಗಿಯಿತು.

ಮರು:
ಮುಗಿದಿಲ್ಲ. ಪಟಲ ಎಂದರೆ ಪೊರೆ. ಫ್ಲ್ಯಾಪಿನಲ್ಲಿ ಕೊಬ್ಬು, ಸ್ನಾಯು, ಒಮ್ಮೊಮ್ಮೆ ಎಲುಬೂ ಇರುತ್ತದೆ.

ಮರು:
‘ಕಸಿ’ಯನ್ನು ಯಾಕೆ ಓಡಿಸುತ್ತೀರಿ? ಮಾವಿನ ಸಾಮೀಪ್ಯ ಕಸಿಯಲ್ಲಿ ಕೊಂಬೆ ತಾಯಿಮರ ಬಿಟ್ಟಿರುವುದಿಲ್ಲ, ಬೆಸೆದ ಮೇಲೆ ಕತ್ತರಿಸುತ್ತಾರೆ. ಮೂಗು ಕಟ್ಟಲು ಹಣೆಯಿಂದ ತಿರುಗಿಸಿ ತರುವ ಫ್ಲ್ಯಾಪೂ ಹಾಗೆಯೇ. ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ ಕಾವಸ್‌ಜಿಯ ಶಸ್ತ್ರಚಿಕಿತ್ಸೆ ಪುಣೆಯ ಬಳಿ ನಡೆಯಿತು; 1794ರ ಜಂಟಲ್‌ಮನ್ಸ್ ಮ್ಯಾಗಜೀನ್ ವರದಿಯಂತೆ ಹುಬ್ಬುಗಳ ನಡುವೆ ಉಳಿಸಿದ ಚರ್ಮದ ಕೊಂಡಿಯನ್ನು ಕತ್ತರಿಸುವುದು ಸುಮಾರು 25ನೇ ದಿನ. ಸುಶ್ರುತನಂತೂ ಮೂಗಿನ ಅಳತೆಗೆ ಎಲೆಯನ್ನೇ ಕತ್ತರಿಸಿಕೊಳ್ಳಲು ಹೇಳುತ್ತಾನೆ. ಎಲೆ ಇದ್ದಲ್ಲಿ ತೊಟ್ಟು. ‘ತೊಟ್ಟುಗಸಿ’ ಎನ್ನಿ.

ಮರು:
ಸ್ತನ ಪುನರ್ರಚನೆಯ ಪುಟದಲ್ಲಿ ತೊಟ್ಟು ಎಂದರೆ ರೋಗಿ ಏನೆಂದು ಓದಿಕೊಳ್ಳಬೇಕು? ಇನ್ನು ಪೂರ್ತಿ ಬಿಡಿಸಿ ಬೇರೆಡೆ ಕೂರಿಸುವ ಫ್ರೀ ಫ್ಲ್ಯಾಪಿಗೆ ತೊಟ್ಟೆಲ್ಲಿ?

ಮರು:
ಫ್ರೀ ಫ್ಲ್ಯಾಪಿಗೂ ಇದೆ. ಅದರ ಅಪಧಮನಿ, ಅಭಿಧಮನಿಗಳನ್ನು ಕತ್ತರಿಸಿ, ಹೊಸ ಜಾಗದ ನಾಳಗಳಿಗೆ ಮೈಕ್ರೊಸ್ಕೋಪಿನಡಿ ಕೂದಲಿಗಿಂತ ಸಪೂರ ದಾರದಲ್ಲಿ ಹೊಲಿಯುತ್ತಾರೆ. ತೊಟ್ಟು ಹೋಗಲಿಲ್ಲ, ಮನೆ ಬದಲಿಸಿತು. ಸ್ತನದ ಮಾತು ಒಪ್ಪಿದೆ.

ಮರು:
‘ಚರ್ಮ’ ಯಾಕೆ? ‘ತೊಗಲು’ ಸತ್ತಿದೆಯೇ?

ಮರು:
ಮೈಗೆ ಚರ್ಮ, ಮೆಟ್ಟಿಗೆ ತೊಗಲು.

ಮರು:
ತೊಗಲನ್ನು ಮೆಟ್ಟಿಗೆ ಇಳಿಸಿದ್ದು ಇದೇ ಸಂಸ್ಕೃತದ ಗೀಳು. ಮೂಗಿನ ಜೋಡಣೆಗೆ ಸುಶ್ರುತ ಹೇಳುವ ‘ನಾಸಾಸಂಧಾನ’ವನ್ನು ಇವತ್ತು ಅಚ್ಚು ಹಾಕಿ ನೋಡಿ, ಮೂಗು ಯಾರೊಡನೆ ರಾಜಿಗೆ ಕೂತಿದೆ ಎಂದು ಕೇಳುತ್ತಾರೆ.

ಮರು:
ತೊಗಲಿನ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ‘ತೊಟ್ಟುಗಸಿ’ ಹಾಕುತ್ತಿದ್ದೇನೆ, ಸ್ತನದ ಪುಟಕ್ಕೆ ಮಾತ್ರ ‘ರಕ್ತನಾಳ ಸಮೇತ ಕಸಿ’. ಆರೈಕೆಯ ಸಾಲೂ ಸಲೀಸಾಯಿತು: ‘ತೊಟ್ಟು ತಿರುಚಬಾರದು, ಒತ್ತಬಾರದು. ಕಸಿ ಬಿಳಿಚಿದರೆ ರಕ್ತ ಒಳಬರುತ್ತಿಲ್ಲ, ನೀಲಿಗಟ್ಟಿದರೆ ಹೊರಹೋಗುತ್ತಿಲ್ಲ. ಎರಡರಲ್ಲಿ ಯಾವುದು ಕಂಡರೂ ಕೂಡಲೇ ನರ್ಸ್‌ಗೆ ತಿಳಿಸಿ.’