ಸಹಾಯ ಬೇಕು: ಸಂಕಮ್ಮನ ಸಾಲಿನ ಚಿತ್ರಗಳಿಗೆ

ಎಲ್ಲರಿಗೂ ನಮಸ್ಕಾರ. ಮಲೆ ಮಾದಪ್ಪನ (ಮಲೆ ಮಹದೇಶ್ವರನ) ಕಥೆಯಲ್ಲಿ ಬರುವ ಸಂಕಮ್ಮನ ಸಾಲನ್ನು, ಅಂದರೆ ಅವಳ ಕಥೆ ಹೇಳುವ ಭಾಗವನ್ನು, ಚಿತ್ರಸರಣಿಯಾಗಿ ಬರೆಯುತ್ತಿದ್ದೇನೆ. ಕಥೆ ಅಚ್ಚಿನಲ್ಲೂ ಸಿಗುತ್ತದೆ. ಆದರೆ ಕಂಚಿನ ತಾಳ ಹಿಡಿದು ಮಾದಪ್ಪನ ಕಥೆ ಹೇಳುವ ಕಂಸಾಳೆಯವರು ಕೂತು ಹಾಡುವಾಗ ಮುಂದಾಳು ಎತ್ತಿದ ಸೊಲ್ಲನ್ನು ಹಿಮ್ಮೇಳದವರು ಹಿಡಿದು ಎಳೆಯುತ್ತಾರಲ್ಲ, ನನ್ನ ಗೆರೆಗಳಿಗೆ ಬೇಕಿರುವುದು ಆ ಎಳೆತ.

ಕಾಡಿಗೆ ಹೊರಟ ನೀಲೇಗೌಡ ಹೆಂಡತಿಯ ಶೀಲದ ಮೇಲೆ ಅನುಮಾನಪಟ್ಟು ಬಲಗೈ ಭಾಷೆ (ಬಲಗೈ ಕೊಟ್ಟು ಮಾಡುವ ಆಣೆ) ಕೇಳುತ್ತಾನೆ, ಸಂಕಮ್ಮ ಕೊಡುವುದಿಲ್ಲ. ಅದಕ್ಕಾಗಿ ಎಷ್ಟು ಹಿಂಸೆ! ಆಮೇಲೆ ಮಾದಪ್ಪ ಬರುವುದು, ಅವಳ ಮಕ್ಕಳಾಗಿ ಕಾರಯ್ಯ ಬಿಲ್ಲಯ್ಯರು ಹುಟ್ಟುವುದು. ಅವಳನ್ನು ಬರೀ ಅಳುವ ಹೆಣ್ಣಾಗಿ ಬರೆಯಲು ನನಗೆ ಮನಸ್ಸಿಲ್ಲ. ಗಂಡನೆದುರು ಆಗಲ್ಲ ಎಂದು ನಿಂತವಳು ಅವಳು.

ಹನೂರು, ಕೊಳ್ಳೇಗಾಲ, ನಂಜನಗೂಡು ಕಡೆ ಈ ಸಾಲನ್ನು ಪೂರ್ತಿ ಹಾಡಬಲ್ಲ ದೇವರಗುಡ್ಡರು (ಮಾದಪ್ಪನ ಹೆಸರಲ್ಲಿ ದೀಕ್ಷೆ ಪಡೆದ ಹಾಡುಗಾರರು) ಯಾರಾದರೂ ಗೊತ್ತಿದ್ದರೆ ದಯವಿಟ್ಟು ಪರಿಚಯಿಸಿ. ಅವರಿದ್ದಲ್ಲಿಗೇ ಬರುತ್ತೇನೆ, ಸಂಭಾವನೆ ಖಂಡಿತ ಕೊಡುತ್ತೇನೆ, ಒಪ್ಪಿದರೆ ಮಾತ್ರ ರೆಕಾರ್ಡ್ ಮಾಡುತ್ತೇನೆ.

ಇನ್ನೊಂದು, ಸಂಕಮ್ಮ ಕಾಡಿನ ಬುಡಕಟ್ಟಿನವರಾದ ಸೋಲಿಗರ ಹೆಣ್ಣುಮಗಳು. ಹಳೆಯ ಕಾಲದ ಗುಡಿಸಲು, ಉಡುಗೆ, ಜೇನು ಕೀಳುವ ಸಲಕರಣೆ ಹೇಗಿದ್ದವು ಎಂಬುದನ್ನು ಊಹಿಸಿ ಬರೆಯುವುದು ಸರಿಯಲ್ಲ. ಸೋಲಿಗ ಸಮುದಾಯದವರೇ ನನ್ನ ಕರಡು ಚಿತ್ರಗಳನ್ನು ನೋಡಿ ತಿದ್ದಿದರೆ ದೊಡ್ಡ ಉಪಕಾರ.

ಕಂಸಾಳೆಯವರ ಎಡಗೈಯ ಕಂಚಿನ ಬಟ್ಟಲು, ಬಲಗೈಯ ಗೊಂಡೆ ಕಟ್ಟಿದ ತಾಳ ಹತ್ತಿರದಿಂದ ಕಾಣುವ ಫೋಟೋಗಳಿದ್ದರೂ ಕಳಿಸಿ. ಹಾಡಿನ ಸೊಲ್ಲುಗಳನ್ನು ಚಿತ್ರದೊಳಗೇ ಬರೆಯಬಹುದೇ, ಮಾದಪ್ಪನ ಒಕ್ಕಲಿನವರಿಗೆ (ಭಕ್ತ ಮನೆತನದವರಿಗೆ) ಅದು ಸರಿ ಅನ್ನಿಸುತ್ತದೆಯೇ? ತಿಳಿದವರು ಇಲ್ಲೇ ಹೇಳಿ, ಅಥವಾ ನನಗೆ ಮೆಸೇಜ್ ಮಾಡಿ.